ಹಿತ್ತಲಲ್ಲಿ ಕೂತು ಊಟ ಮಾಡೋಕೆ ಜಾಗ ಮಾಡಬೇಕು: ಟೇಬಲ್, ನೆಲ, ನೆರಳು ಏನು ಹಾಕಿಸಲಿ?

ಕುವೆಂಪುನಗರ ಹಿತ್ತಲು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆ ಹಿಂದೆ 16 ಅಡಿ ಉದ್ದ, 12 ಅಡಿ ಅಗಲದ ಜಾಗ ಇದೆ. ಅಡುಗೆಮನೆ ಹಿಂಬಾಗಿಲು ತೆಗೆದರೆ ಅದೇ. ಒಂದು ಮೂಲೆಯಲ್ಲಿ ಸಪೋಟ ಮರ, ಇನ್ನೊಂದು ಮೂಲೆಯಲ್ಲಿ ನಲ್ಲಿ ಮತ್ತು ಒಗೆಯೋ ಕಲ್ಲು. ಉಳಿದದ್ದೆಲ್ಲ ಬರೀ ಮಣ್ಣು. ರಾತ್ರಿ ಊಟ, ಭಾನುವಾರದ ತಿಂಡಿ ಅಲ್ಲೇ ಕೂತು ಮಾಡೋ ಹಾಗೆ ಚೆನ್ನಾಗಿ ಮಾಡಿಸಬೇಕು ಅಂತ ಆಸೆ.

ಮನೆಯಲ್ಲಿ ಆರು ಜನ. ಹಬ್ಬಕ್ಕೆ ನಾದಿನಿ ಮನೆಯವರು ಬಂದರೆ ಹತ್ತು. ಅತ್ತೆಗೆ ಮಂಡಿ ನೋವು, ನೆಲದ ಮೇಲೆ ಕೂರೋಕೆ ಆಗಲ್ಲ. ಅಂಗಡಿಯಲ್ಲಿ ಒಂದು ಸೆಟ್ ನೋಡಿ ಬಂದೆ. ಗಾಜಿನ ದುಂಡು ಟೇಬಲ್, ಮಧ್ಯೆ ದೊಡ್ಡ ಛತ್ರಿ, ನಾಲ್ಕು ಕುರ್ಚಿ. 45,000 ಹೇಳುತ್ತಿದ್ದಾರೆ. ಮಗಳಿಗೆ ಮರದಿಂದ ಗೋಡೆಗೆ ಸರದೀಪ ಬೇಕಂತೆ. ಯಜಮಾನರಿಗೆ ಉಯ್ಯಾಲೆ ಬೇಕಂತೆ. ನನಗೆ ಏನು ಬೇಕು ಅಂತ ಯಾರೂ ಕೇಳಿಲ್ಲ, ಅದು ಬೇರೆ ವಿಷಯ.

ಎಲ್ಲ ಸೇರಿ 60,000 ದಾಟಬಾರದು. ಆ ಸೆಟ್ ತಗೊಳ್ಳಲಾ? ನೆಲಕ್ಕೆ ಹುಲ್ಲಾ, ಕಲ್ಲಾ? ಒಗೆಯೋ ಕಲ್ಲು ನೋಡೋಕೆ ಚೆನ್ನಾಗಿಲ್ಲ, ಕೀಳಿಸಿಬಿಡಲಾ? ಸೊಳ್ಳೆಗೆ ಏನು ಮಾಡೋದು?

ಬಾಳೆಲೆ

ಆ ಛತ್ರಿ ಸೆಟ್ ಬೇಡ ಮೇಡಂ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮಪ್ಪ ಮದುವೆ ಅಡುಗೆ ಮಾಡುತ್ತಿದ್ದರು. ಓದು ಮುಗಿಯೋವರೆಗೂ ರಜೆ ಬಂದರೆ ನಾನು ಬಡಿಸೋಕೆ ಹೋಗುತ್ತಿದ್ದೆ. ಹಾಗಾಗಿ ಯಾವ ಟೇಬಲ್ ನೋಡಿದರೂ ಬಡಿಸೋರು ಎಲ್ಲಿ ನಿಲ್ಲಬೇಕು ಅಂತಲೇ ಮೊದಲು ನೋಡೋದು. ಅಂಗಡಿಯ ಗಾರ್ಡನ್ ಸೆಟ್ ಕಾಫಿ, ಕೋಡುಬಳೆಗೆ ಸರಿ. ಎಲ್ಲವನ್ನೂ ಒಂದೇ ಸಲ ತಟ್ಟೆಗೆ ಹಾಕಿಕೊಂಡು ಬಂದು ಕೂರೋರಿಗೂ ಸರಿ. ನಮ್ಮ ಊಟ ಹಾಗಲ್ವಲ್ಲ. ಅನ್ನ, ಹುಳಿ, ಮತ್ತೆ ಅನ್ನ, ಸಾರು, ಆಮೇಲೆ ಮಜ್ಜಿಗೆ. ದೋಸೆಯಾದರೆ ಒಂದೊಂದೇ ಬಿಸಿಬಿಸಿ ಬರಬೇಕು. ಯಾರೋ ಒಬ್ಬರು ಅಡುಗೆಮನೆಗೂ ಟೇಬಲ್ಲಿಗೂ ಓಡಾಡುತ್ತಲೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಅದು ನೀವೇ ಅಲ್ವಾ?

ದುಂಡು ಟೇಬಲ್ಲಿಗೆ ಸುತ್ತ ಜನ ಕೂತರೆ ಬಡಿಸೋರು ಹೆಗಲ ಮೇಲಿಂದ ಕೈ ಚಾಚಬೇಕು. ಹುಳಿ ಸೌಟು ಅತ್ತೆಯ ಕಿವಿ ಪಕ್ಕದಲ್ಲೇ ಹಾದು ಹೋಗಬೇಕು. ಮಧ್ಯೆ ಛತ್ರಿ ಕಂಬ ಬೇರೆ. ಕಲ್ಯಾಣ ಮಂಟಪದಲ್ಲಿ ಊಟದ ಟೇಬಲ್ ಸುಮಾರು ಒಂದೂವರೆ ಅಡಿ ಅಗಲ ಇರುತ್ತೆ, ಗಮನಿಸಿದ್ದೀರಾ? ಜನ ಒಂದೇ ಕಡೆ ಕೂರುತ್ತಾರೆ. ಎದುರಿನ ಕಡೆ ಪೂರ್ತಿ ಬಡಿಸೋರದ್ದು. ನೇರ ಎಲೆ ಕಾಣುತ್ತೆ, ಯಾರಿಗೆ ಪಲ್ಯ ಮುಗಿದಿದೆ ಅಂತ ಕೇಳದೆಯೇ ಗೊತ್ತಾಗುತ್ತೆ.

ಮನೆಗೂ ಅದನ್ನೇ ಮಾಡಿ. 16 ಅಡಿ ಉದ್ದದ ಕಾಂಪೌಂಡ್ ಗೋಡೆಗೆ ಅಂಟಿಕೊಂಡು ಒಂದೂವರೆ ಅಡಿ ಅಗಲದ ಕಲ್ಲಿನ ಜಗಲಿ ಕಟ್ಟಿಸಿ. ಎತ್ತರ 17 ಇಂಚು. ಅದರ ಮುಂದೆ 6 ಅಡಿ ಉದ್ದ, 2 ಅಡಿ ಅಗಲದ ಎರಡು ಟೇಬಲ್, ಒಂದರ ಪಕ್ಕ ಒಂದು. ಎತ್ತರ 29 ಇಂಚು. ಎಲೆ ಹಾಕಿ ಕೂತರೆ ಒಬ್ಬರಿಗೆ ಎರಡಡಿ ಬೇಕೇ ಬೇಕು. ಅಲ್ಲಿಗೆ ಆರು ಜನ ಗೋಡೆಗೆ ಬೆನ್ನು ಕೊಟ್ಟು ಕೂರಬಹುದು. ಎದುರಿಗೆ ಮೂರಡಿ ಜಾಗ ಬಡಿಸೋಕೆ. ಹತ್ತು ಜನ ಬಂದ ದಿನ ಆ ಕಡೆ ನಾಲ್ಕು ಕುರ್ಚಿ ಹಾಕಿ. ಅವತ್ತು ಒಂದು ದಿನ ಹೆಗಲ ಮೇಲಿಂದ ಬಡಿಸಿದರೆ ಏನೂ ಆಗಲ್ಲ. ಅತ್ತೆಯವರನ್ನು ಮಾತ್ರ ಜಗಲಿಗೆ ತೂರಿಸಬೇಡಿ. ಟೇಬಲ್ ತುದಿಯಲ್ಲಿ ಕೈ ಇರೋ ಕುರ್ಚಿ ಹಾಕಿ. ಮಂಡಿ ನೋವಿನವರು ಏಳೋದು ಕೈ ಊರಿ, ಕಾಲು ಊರಿ ಅಲ್ಲ.

ಟೇಬಲ್ ಮೇಲಕ್ಕೆ ಗ್ರಾನೈಟ್ ಹಾಕಿಸಿ. ಕಡಪ ಕಲ್ಲು, ಶಹಾಬಾದ್ ಕಲ್ಲು ಅಗ್ಗ ಅಂತ ಯಾರಾದರೂ ಹೇಳಬಹುದು, ಕೇಳಬೇಡಿ. ಎರಡೂ ಸುಣ್ಣದ ಕಲ್ಲು. ನಿಂಬೆಹಣ್ಣು, ಹುಣಸೆ ಹುಳಿ, ಟೊಮೇಟೊ ಸಾರು ಬಿದ್ದು ಹಾಗೇ ಇದ್ದರೆ ಬಿಳಿ ಕಲೆ ಕೂರುತ್ತೆ, ಎಷ್ಟು ಉಜ್ಜಿದರೂ ಹೋಗಲ್ಲ. ಗ್ರಾನೈಟ್‌ಗೆ ಆ ತೊಂದರೆ ಇಲ್ಲ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕತ್ತರಿಸೋ ಅಂಗಡಿಗಳಲ್ಲಿ ಮಿಕ್ಕ ತುಂಡು ಬಿದ್ದಿರುತ್ತೆ, ಕಡಿಮೆಗೆ ಕೊಡುತ್ತಾರೆ. ಕಪ್ಪು ಬೇಡ, ತಿಳಿ ಬಣ್ಣ ತಗೊಳ್ಳಿ, ಬಿಸಿಲಿಗೆ ಕಡಿಮೆ ಕಾಯುತ್ತೆ. 20 ಮಿಲಿಮೀಟರ್ ದಪ್ಪದ್ದಾದರೆ 6 ಅಡಿ ತುಂಡು 60 ಕೆಜಿ ಆಸುಪಾಸು. ಇಬ್ಬರು ಹಿಡಿದರೆ ಸರಿಸಬಹುದು. ಕೆಳಗೆ ಜಿಐ ಪೈಪಿನ (ಸತು ಲೇಪಿಸಿದ ಕಬ್ಬಿಣದ ಪೈಪು) ಸ್ಟ್ಯಾಂಡ್ ಮಾಡಿಸಿ, ಮಧ್ಯೆ ಎರಡು ಅಡ್ಡಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಯಾರಾದರೂ ಮಕ್ಕಳು ಹತ್ತಿದ ದಿನ ಕಲ್ಲು ಬಿರುಕು ಬಿಡುತ್ತೆ.

ಜಗಲಿಗೆ, ನೆಲಕ್ಕೆ ಸಾದರಹಳ್ಳಿ ಕಲ್ಲು ಹಾಕಿಸಿ, ಅದೂ ಒಂದು ಬಗೆಯ ಬೂದು ಗ್ರಾನೈಟೇ. ನೆಲಕ್ಕೆ ಒರಟು ಮೈಯ ಕಲ್ಲೇ ಆಗಬೇಕು, ನುಣುಪಿನದು ಮಳೆಯಲ್ಲಿ ಜಾರುತ್ತೆ. ಹುಲ್ಲು ಬೇಡ. ಅನ್ನದ ಅಗುಳು ಬಿದ್ದರೆ ಗುಡಿಸೋಕೆ ಆಗಲ್ಲ, ಇರುವೆಗೆ ನಾವೇ ಕರೆದು ಔತಣ ಕೊಟ್ಟ ಹಾಗೆ. ಗಾರೆಯವರಿಗೆ ಹತ್ತು ಅಡಿಗೆ ಒಂದೂವರೆ ಇಂಚು ವಾಟ, ಅಂದರೆ ನೀರು ಹರಿಯೋಕೆ ಇಳಿಜಾರು, ಕೊಡೋಕೆ ಹೇಳಿ. ವಾಟ ಮನೆ ಕಡೆಯಿಂದ ನಲ್ಲಿ ಮೂಲೆ ಕಡೆಗೆ ಇರಲಿ. ಸಪೋಟ ಬುಡದ ಸುತ್ತ ಮೂರಡಿ ಕಲ್ಲು ಹಾಸದೆ ಮಣ್ಣು ಹಾಗೇ ಬಿಡಿಸಿ.

ಇನ್ನು ಒಗೆಯೋ ಕಲ್ಲು. ದಯವಿಟ್ಟು ಕೀಳಿಸಬೇಡಿ! ಕೈಯಲ್ಲಿ ಕಲಸಿ ತಿನ್ನೋ ಊಟಕ್ಕೆ ಹತ್ತಿರದಲ್ಲಿ ನಲ್ಲಿ ಇರೋದು ಎಷ್ಟು ದೊಡ್ಡ ಅನುಕೂಲ. ಎಂಜಲು ಕೈಯಲ್ಲಿ ಹತ್ತು ಜನ ಮನೆಯೊಳಗೆ ಹೋಗಿ ಬಾಗಿಲ ಹಿಡಿಕೆ ಮುಟ್ಟೋದು ತಪ್ಪುತ್ತೆ. ಆ ಕಲ್ಲನ್ನೇ ತಿಕ್ಕಿ ತೊಳೆದು, ಮೇಲೆ ಒಂದು ತಾಮ್ರದ ಚೊಂಬು ಇಡಿ. ಪಕ್ಕದ ಗೋಡೆಗೆ ಟವಲ್ ಗೂಟ ಹೊಡೆಯಿರಿ. ಕೈ ತೊಳೆದ ನೀರು ಹರಿಯೋ ಕಡೆ ಬಾಳೆ ಕಂದು ನೆಡಿ. ಊಟಕ್ಕೆ ಎಲೆಯೂ ಅಲ್ಲೇ ಸಿಗುತ್ತೆ.

ಕುಂದಾಪುರ ಕಡೆಯವ

ಬಾಳೆಲೆಯವರು ಮರದ ವಿಷಯ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಮಳೆಗೆ ಹೊರಗೆ ಇಟ್ಟ ಬೆತ್ತದ ಕುರ್ಚಿ ಒಂದು ಮಳೆಗಾಲ ತಡೆಯಲ್ಲ. ಮೈಸೂರಲ್ಲಿ ಮಳೆ ಅಷ್ಟಿಲ್ಲ, ಆದರೂ ಮೇ ತಿಂಗಳ ಸಂಜೆ ಮಳೆ, ಸೆಪ್ಟೆಂಬರ್ ಅಕ್ಟೋಬರ್ ಮಳೆ ಸಾಕು ಬೆತ್ತ ಕಪ್ಪಾಗೋಕೆ. ಬಿದಿರಿನದು ಆಸೆಪಟ್ಟು ತಗೊಂಡರೆ ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ನೆನೆಸಿದ್ದಾ ಅಂತ ಕೇಳಿ. ಇಲ್ಲದಿದ್ದರೆ ಹುಳ ಕೊರೆದು ಕೆಳಗೆ ಹಿಟ್ಟು ಉದುರುತ್ತೆ. ಕುರ್ಚಿಗೆ ಸಾಗುವಾನಿ ಅಥವಾ ಎರಕದ ಅಲ್ಯೂಮಿನಿಯಂ ಒಳ್ಳೆಯದು. ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ, ಎತ್ತಿಡೋಕೂ ಹಗುರ.

ನೆರಳಿಗೆ ಹೆಂಚಿನ ಮಾಡು ಮಾಡಿಸಿದರೆ ಅದರಷ್ಟು ತಂಪು ಬೇರೆ ಇಲ್ಲ. ಹಳೇ ಮನೆ ಕೆಡವಿದ ಕಡೆ ಹೆಂಚು ಸಿಗುತ್ತೆ. ಹೆಂಚಿನ ಮೇಲೆ 1865 ಅಂತ ಅಚ್ಚು ಇದೆ, ಅಷ್ಟು ಹಳೆಯದು ಅಂತ ರೇಟ್ ಏರಿಸಿದರೆ ಬಗ್ಗಬೇಡಿ. ಅದು ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಆ ಹೆಂಚು ಸುಟ್ಟ ವರ್ಷ ಅಲ್ಲ.

ಪಕಾಸಿಗೆ (ಹೆಂಚು ಹೊರೋ ಮಾಡಿನ ಮರದ ಪಟ್ಟಿ), ಕಂಬಕ್ಕೆ ನಾವು ಗೇರೆಣ್ಣೆ ಬಳಿಯುತ್ತೇವೆ. ಗೆದ್ದಲು ಹತ್ತಿರ ಬರಲ್ಲ. ಆದರೆ ಅದನ್ನು ಟೇಬಲ್, ಕುರ್ಚಿಗೆ ಮಾತ್ರ ಬಳಿಯಬೇಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ಅದು, ಮೈಗೆ ತಾಗಿದರೆ ಬೊಕ್ಕೆ ಏಳುತ್ತೆ.

ಧಾರವಾಡದಾಕಿ

ಎಲ್ಲರೂ ಕಲ್ಲು, ಹೆಂಚು ಅಂತಿದ್ದೀರಿ. ಚಂದ ಕಾಣೋದು ಹೇಗೆ ಅಂತ ಅವರು ಕೇಳಿದ್ದಾರಲ್ವಾ?

ಮೊದಲನೆಯದು, ಗೋಡೆ. ಆರು ಜನ ಬೆನ್ನು ಕೊಟ್ಟು ಕೂರೋ ಗೋಡೆಗೆ ಸುಣ್ಣ ಹೊಡೆಸಬೇಡಿ, ಸೀರೆಗೆಲ್ಲ ಬಿಳಿ ಹತ್ತುತ್ತೆ. ಬೆನ್ನು ತಾಗೋ ಎತ್ತರದವರೆಗೆ ಕೆಂಪು ಎಮಲ್ಷನ್, ಮೇಲೆ ಬಿಳಿ. ಹಳೇ ಮನೆ ಗೋಡೆಗೆ ಕೆಮ್ಮಣ್ಣು ಪಟ್ಟಿ ಬಳಿಯುತ್ತಿದ್ದರಲ್ಲ, ಹಾಗೆ. ಬಿಳಿ ಭಾಗ ಇದ್ದರೆ ರಾತ್ರಿ ಸಣ್ಣ ದೀಪವೂ ಸಾಕಾಗುತ್ತೆ.

ಕಲ್ಲಿನ ಜಗಲಿ ಡಿಸೆಂಬರ್‌ನಲ್ಲಿ ಮಂಜುಗಡ್ಡೆ ಆಗುತ್ತೆ. ಅದಕ್ಕೆ ಕೌದಿ ಹಾಸಿ. ನಮ್ಮ ಕಡೆ ಹಳೇ ಸೀರೆ, ಧೋತರ ಪದರ ಪದರ ಜೋಡಿಸಿ ಕೈಯಲ್ಲೇ ಹೊಲೀತಾರೆ. ಜಗಲಿ ಅಗಲಕ್ಕೆ ಸರಿಯಾಗಿ ಒಂದೂವರೆ ಅಡಿ ಪಟ್ಟಿ ಹೊಲಿಸಿಕೊಳ್ಳಿ. ಅಂಗಡಿಯ ಫೋಮ್ ದಿಂಬು ಒಮ್ಮೆ ನೆನೆದರೆ ಒಣಗೋದಿಲ್ಲ, ಮುಗ್ಗಲು ವಾಸನೆ. ಕೌದಿ ಆದರೆ ತೊಳೆದು ಹಗ್ಗದ ಮೇಲೆ ಹಾಕಿದರಾಯಿತು. ಊಟ ಆದ ಮೇಲೆ ಸುತ್ತಿ ಒಳಗೆ ಇಡಿ.

ಹಸಿರು ಶೇಡ್ ನೆಟ್ ಮಾತ್ರ ಬೇಡ. ಅದರ ಕೆಳಗೆ ಬಿಳಿ ಅನ್ನವೂ ಪಾಲಕ್ ಅನ್ನದ ಬಣ್ಣ. ಹಾಗೇ ಟೇಬಲ್ ಹತ್ತಿರ ರಾತ್ರಿರಾಣಿ ನೆಡಬೇಡಿ. ರಾತ್ರಿ ಎಂಟಕ್ಕೆ ಅದರ ವಾಸನೆ ಶುರುವಾದರೆ ಒಗ್ಗರಣೆ ಘಮ ಎಲ್ಲಿ ಹೋಯಿತೋ ಗೊತ್ತಾಗಲ್ಲ. ಮಜ್ಜಿಗೆ ಹುಲ್ಲು, ದೊಡ್ಡಪತ್ರೆ, ಕಾಮಕಸ್ತೂರಿ ಕುಂಡದಲ್ಲಿ ಇಡಿ. ದೊಡ್ಡಪತ್ರೆ ತಂಬುಳಿಗೂ ಆಯಿತು. ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ, ಅದರಲ್ಲಿ ನಿಂತ ನೀರಲ್ಲೇ ಸೊಳ್ಳೆ ಮರಿಯಾಗೋದು.

ಕುವೆಂಪುನಗರ ಹಿತ್ತಲು

ಎಷ್ಟು ಒಳ್ಳೆ ಉತ್ತರಗಳು! ಬಡಿಸೋರ ಬಗ್ಗೆ ಬರೆದದ್ದನ್ನು ಓದಿ ಯಜಮಾನರಿಗೂ ಓದಿ ಹೇಳಿದೆ. ಅವರು ಉಯ್ಯಾಲೆ ವಿಷಯಕ್ಕೆ ಸುಮ್ನಾದರು.

ಇನ್ನು ಎರಡು ಅನುಮಾನ. ಹೆಂಚಿನ ಮಾಡು ನಮ್ಮ ಬಜೆಟ್ಟಿಗೆ ಈಗ ಆಗಲ್ಲ. ಸಪೋಟ ನೆರಳಲ್ಲೇ ಟೇಬಲ್ ಹಾಕಿದರೆ ಸಾಲದಾ? ಹಣ್ಣಿನ ಕಾಲದಲ್ಲಿ ರಾತ್ರಿ ಬಾವಲಿ ಬರುತ್ತವೆ. ಮತ್ತೆ ದೀಪದ ಬಗ್ಗೆ ಯಾರೂ ಹೇಳಲಿಲ್ಲ, ಮಗಳು ದಿನಾ ಕೇಳುತ್ತಾಳೆ.

ವೈರಿಂಗ್ ಗೊತ್ತಿರೋನು

ದೀಪ ನನ್ನ ಪಾಲು. ಸರದೀಪ ತಗೊಳ್ಳುವಾಗ ಡಬ್ಬದ ಮೇಲೆ 2700ಕೆ ಅಥವಾ 3000ಕೆ ಅಂತ ಇರಲಿ. ಅದು ಹಳದಿ ಬೆಳಕು. 6500ಕೆ ಅಂದರೆ ಟ್ಯೂಬ್‌ಲೈಟ್ ಬಿಳಿ, ಹುಳ ಜಾಸ್ತಿ ಸೆಳೆಯುತ್ತೆ, ಸಾರಿನ ಬಣ್ಣವೂ ಸಪ್ಪೆ ಕಾಣುತ್ತೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಏಳುತ್ತಲ್ಲ, ನಾವು ಮಳೆಹುಳ ಅಂತೀವಿ, ಅವತ್ತು ಯಾವ ದೀಪ ಹಾಕಿದರೂ ಬರುತ್ತೆ. ನಲ್ಲಿ ಮೂಲೆಯಲ್ಲಿ ಒಂದು ಬಿಳಿ ಬಲ್ಬ್ ಬೇರೆ ಸ್ವಿಚ್‌ನಲ್ಲಿ ಇಟ್ಟುಕೊಳ್ಳಿ. ಅವತ್ತು ಅದನ್ನು ಮಾತ್ರ ಹಾಕಿ, ಟೇಬಲ್ ಮೇಲಿನದು ಆರಿಸಿ. ಅರ್ಧ ಗಂಟೆ ಕಾದು ಊಟಕ್ಕೆ ಕೂತರೆ ಆಯಿತು.

ಹೊರಗಿನ ದೀಪಕ್ಕೆ ಐಪಿ65 ಅಂತ ಬರೆದಿರಬೇಕು, ಅಂದರೆ ಧೂಳು, ಮಳೆನೀರು ಒಳಗೆ ಹೋಗಲ್ಲ ಅಂತ. ಅದಕ್ಕಿಂತ ಮುಖ್ಯ, ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಒದ್ದೆ ನೆಲ, ಬರಿಗಾಲು, ಕೈ ತೊಳೆಯೋ ನಲ್ಲಿ ಎಲ್ಲ ಒಂದೇ ಕಡೆ ಇದೆ. ಇದರಲ್ಲಿ ಉಳಿತಾಯ ಮಾಡಬೇಡಿ. ಸಾಕೆಟ್ ನಲ್ಲಿಯಿಂದ ದೂರದ ಗೋಡೆಗೆ, ಮುಚ್ಚಳ ಇರೋದನ್ನೇ ಹಾಕಿಸಿ.

ಸೊಳ್ಳೆಗೆ ಪೆಡೆಸ್ಟಲ್ ಫ್ಯಾನ್ ಇಡಿ. ಸೊಳ್ಳೆಗೆ ಗಾಳಿ ಎದುರಿಸಿ ಹಾರೋ ಶಕ್ತಿ ಇಲ್ಲ. ಫ್ಯಾನ್ ಕೆಳಕ್ಕೆ ಬಗ್ಗಿಸಿ, ಟೇಬಲ್ ಕೆಳಗೆ ಕಾಲಿಗೆ ಬೀಸೋ ಹಾಗೆ ಇರಲಿ. ಕಚ್ಚೋದು ಅಲ್ಲೇ.

ಬಾಳೆಲೆ

ಸಪೋಟ ಕೆಳಗೆ ಟೇಬಲ್ ಬೇಡವೇ ಬೇಡ. ಬಾವಲಿ ಅರ್ಧ ತಿಂದ ಹಣ್ಣು, ಹಿಕ್ಕೆ ಎರಡೂ ಉದುರಿಸುತ್ತೆ. ಬೆಳಿಗ್ಗೆ ಕಾಗೆ. ಮರದಿಂದ ಆರೇಳು ಅಡಿ ಆಚೆ, ಗೋಡೆಯ ಇನ್ನೊಂದು ತುದಿಗೆ ಟೇಬಲ್ ತಳ್ಳಿ. ಗೋಡೆ ಅಲ್ಲಿಗೆ ಸಾಲದಿದ್ದರೆ ಸದ್ಯಕ್ಕೆ ಒಂದೇ ಟೇಬಲ್ ಜೋಡಿಸಿ, ಇನ್ನೊಂದನ್ನು ಅಡುಗೆಮನೆ ಬಾಗಿಲ ಪಕ್ಕ ಇಟ್ಟು ಪಾತ್ರೆ ಇಡೋಕೆ ಬಳಸಿ. ಒಂದೇ ಬದಿಗೆ ಮೂರು ಜನ, ಎದುರು ಇಬ್ಬರು, ತುದಿಗೆ ಅತ್ತೆ. ಪಾತ್ರೆ ಎಲ್ಲ ಹೊರಗೇ ಇದ್ದರೆ ನೀವೂ ಜೊತೆಗೆ ಕೂರಬಹುದು, ಬೇಕಾದವರು ಎದ್ದು ಬಡಿಸಿಕೊಳ್ಳಲಿ. ನನಗೇನೋ ಇದೇ ಹೆಚ್ಚು ಇಷ್ಟವಾಗುತ್ತಿದೆ.

ನೆರಳಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಕೂರೋದು ರಾತ್ರಿ ಮತ್ತು ಬೆಳಿಗ್ಗೆ. ಭಾನುವಾರದ ತಿಂಡಿ ತಡವಾದರೆ ಗೋಡೆಗೆ ನಾಲ್ಕು ಕೊಂಡಿ ಹಾಕಿ ಬಿಳಿ ಕಾಡಾ ಬಟ್ಟೆ ಕಟ್ಟಿ, ಮಳೆ ಬಂದರೆ ಬಿಚ್ಚಿ.

ಎಲೆ ಹಾಕೋ ದಿನ ಒಂದು ಮಾತು. ಕುಡಿ ಎಡಗಡೆ ಬರೋ ಹಾಗೆ ತಾನೇ ಹಾಕೋದು, ಹೊರಗಿನ ಗಾಳಿಗೆ ಮೊದಲು ಏಳೋದು ಆ ಕುಡಿಯೇ. ಎದ್ದರೆ ಉಪ್ಪು, ಉಪ್ಪಿನಕಾಯಿ ಸೀದಾ ಪಾಯಸಕ್ಕೆ. ಟೇಬಲ್ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗೋಕೆ ಮೊದಲೇ ಎಲೆ ಹಾಸಿ. ಕಲ್ಲಿಗೆ ಅಂಟಿಕೊಳ್ಳುತ್ತೆ. ಫ್ಯಾನ್ ಟೇಬಲ್ ಕೆಳಗೆ ಬೀಸಲಿ ಅಂತ ಅವರು ಹೇಳಿದ್ದು ಇದಕ್ಕೂ ಒಳ್ಳೆಯದೇ.

ಸ್ಟ್ಯಾಂಡ್ ಮಾಡೋ ವೆಲ್ಡಿಂಗ್‌ನವರಿಗೆ ಎರಡು ಮಾತು ಹೇಳಿಬಿಡಿ: ಬೆಸುಗೆ ಹಾಕಿದ ಕಡೆಯೆಲ್ಲ ಜಿಂಕ್ ಪೇಂಟ್ ಹಚ್ಚಬೇಕು, ತುಕ್ಕು ಶುರುವಾಗೋದೇ ಅಲ್ಲಿ. ಕಾಲಿನ ಕೆಳಗೆ ಎತ್ತರ ಸರಿ ಮಾಡೋ ಸ್ಕ್ರೂ ಬುಷ್ ಬೇಕು. ನೆಲಕ್ಕೆ ವಾಟ ಕೊಟ್ಟಿರುತ್ತೀರಲ್ಲ, ಬುಷ್ ಇಲ್ಲದಿದ್ದರೆ ಸಾರೆಲ್ಲ ಒಂದೇ ಕಡೆ ಹರಿಯುತ್ತೆ.