ಒಂಬತ್ತು ಗಂಟೆ ನೆಟ್‌ವರ್ಕ್ ಇಲ್ಲ, ಪರಿಹಾರ ಯಾಕಿಲ್ಲ?

ಮಂಡಿಪೇಟೆ ಕಿರಾಣಿ:
ನಿನ್ನೆ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ ದಾವಣಗೆರೆಯಲ್ಲಿ ಒಂದು ದೊಡ್ಡ ಕಂಪನಿಯ ನೆಟ್‌ವರ್ಕ್ ಪೂರ್ತಿ ಕೈಕೊಟ್ಟಿತ್ತು. ಸಿಗ್ನಲ್ ಕಡ್ಡಿ ನಾಲ್ಕೂ ಇವೆ, ಕಾಲ್ ಹೋಗಲ್ಲ, ನೆಟ್ ಇಲ್ಲ, ಒಟಿಪಿ ಬರಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ರೈತರಿಗೆ ದುಡ್ಡು ಜಮಾ ಆಯ್ತೋ ಇಲ್ಲವೋ ನೋಡಲಿಕ್ಕೂ ಆಗಲಿಲ್ಲ. ಕಂಪನಿ ಹೇಳಿದ್ದು ‘ತಾಂತ್ರಿಕ ಅಡಚಣೆ, ಸಹಕರಿಸಿ’ ಅಂತ ಮಾತ್ರ. ಪರಿಹಾರ ಕೊಡಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಬಂದಿದೆಯಲ್ಲ, ಅದು ನಮಗೆ ಸಿಗುತ್ತಾ?

ಗ್ರಾಹಕ ವಕೀಲೆ:
ನಿಯಮ ಇದೆ ಅಣ್ಣ, ಒಂಬತ್ತು ಗಂಟೆಗೆ ಸಿಗಲ್ಲ. 2024ರ ಸೇವಾ ಗುಣಮಟ್ಟ ನಿಯಮಾವಳಿ ಪ್ರಕಾರ ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಸೇವೆ ನಿಂತಿರಬೇಕು. ಆಗ ಪೋಸ್ಟ್‌ಪೇಯ್ಡ್‌ನವರಿಗೆ ಮುಂದಿನ ಬಿಲ್‌ನಲ್ಲಿ ಬಾಡಿಗೆ ಕಡಿತ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಪ್ರಿಪೇಯ್ಡ್ ಭಾಗ ಜಾರಿಗೆ ಬಂದದ್ದು 2025ರ ಏಪ್ರಿಲ್ 1ರಿಂದ. ಒಂದು ದಿನದಲ್ಲಿ 12 ಗಂಟೆ ದಾಟಿದರೆ ಪೂರ್ತಿ ದಿನ ಅಂತ ಲೆಕ್ಕ. ನೈಸರ್ಗಿಕ ವಿಕೋಪಕ್ಕೆ ಇದ್ಯಾವುದೂ ಇಲ್ಲ.

ಹರಿಹರ ಮೆಡಿಕಲ್ಸ್:
ಅಲ್ರೀ ಮೇಡಂ, 24 ಗಂಟೆ ಅಂದ್ರೆ ಯಾರಿಗೂ ಸಿಗದ ಪರಿಹಾರ. ಇಪ್ಪತ್ಮೂರನೇ ಗಂಟೆಗೆ ಸರಿ ಮಾಡಿದರೂ ಕಂಪನಿ ಪಾರು. ಇನ್ನು ಹೊನ್ನಾಳಿ, ನ್ಯಾಮತಿ ಎರಡೇ ತಾಲ್ಲೂಕು ಎರಡು ದಿನ ಸತ್ತರೂ ಅದು ಜಿಲ್ಲೆ ಅಲ್ಲ ಅಂತಾರೆ. ನಾಲ್ಕು ಗಂಟೆಗೇ ಟ್ರಾಯ್‌ಗೆ ವರದಿ ಕೊಡಬೇಕು ಅಂತ ಇದೆ ತಾನೆ? ವರದಿಗೆ ನಾಲ್ಕು ಗಂಟೆ ದೊಡ್ಡದಾದರೆ ಪರಿಹಾರಕ್ಕೆ ಯಾಕೆ ಅಲ್ಲ?

ಗ್ರಾಹಕ ವಕೀಲೆ:
ನಿಮ್ಮ ಮಾತು ನ್ಯಾಯವೇ. ಇಡೀ ಜಿಲ್ಲೆ ನಾಲ್ಕು ಗಂಟೆ ಅಥವಾ ಹೆಚ್ಚು ನಿಂತರೆ 24 ಗಂಟೆಯೊಳಗೆ ವರದಿ, ಸರಿಯಾದ ಮೇಲೆ 72 ಗಂಟೆಯೊಳಗೆ ಮೂಲ ಕಾರಣ ತಿಳಿಸಬೇಕು ಅಂತ ಟ್ರಾಯ್ 2023ರ ಮಾರ್ಚ್‌ನಲ್ಲೇ ಹೇಳಿತ್ತು. ಆದರೆ ಆ ವರದಿ ಗ್ರಾಹಕರ ಕೈಗೆ ತಾನಾಗಿ ಬರಲ್ಲ.

ಫೈಬರ್ ಜಾಯಿಂಟ್:
ಕಡ್ಡಿ ಪೂರ್ತಿ ಇದ್ದು ಕೆಲಸ ಮಾಡಲ್ಲ ಅಂದ್ರೆ ಟವರ್‌ಗೆ ಕರೆಂಟ್ ಇದೆ, ಹಿಂದಿನ ದಾರಿ ಹೋಗಿದೆ ಅಂತ ಅರ್ಥ. ಫೈಬರ್, ಅಂದರೆ ಗಾಜಿನ ಎಳೆಗಳ ಕೇಬಲ್, ಕಡಿದಿರಬೇಕು, ಇಲ್ಲ ಕೋರ್‌ನಲ್ಲಿ, ಅಂದರೆ ಕಂಪನಿಯ ಕೇಂದ್ರ ವ್ಯವಸ್ಥೆಯಲ್ಲಿ, ತೊಂದರೆ. ಕಡ್ಡಿಯೇ ಇಲ್ಲದಿದ್ದರೆ ಬೆಸ್ಕಾಂ ಕರೆಂಟ್ ಹೋಗಿ ಬ್ಯಾಟರಿ, ಡೀಸೆಲ್ ಎರಡೂ ಮುಗಿದಿರಬಹುದು.

ಫೈಬರ್ ಕಡಿದಿದ್ದಾದರೆ ಒಂಬತ್ತು ಗಂಟೆ ಅಸಾಧ್ಯವೇನಲ್ಲ. ಬೆಳಕು ಕಳಿಸಿ ಕಟ್ ಹುಡುಕೋ ಒಟಿಡಿಆರ್ ಮಷೀನ್ ಹಾಕಿದರೆ ಎಷ್ಟು ಮೀಟರ್‌ಗೆ ಕಟ್ ಅಂತ ಗೊತ್ತಾಗುತ್ತೆ. ಆದರೆ ಜೆಸಿಬಿ ಕೇಬಲ್ಲನ್ನ ಕತ್ತರಿಸಲ್ಲ, ಎಳೆದು ಹರಿಯುತ್ತೆ. ಕಣ್ಣಿಗೆ ಕಾಣೋದು ಒಂದು ಕಡೆ, ಒಳಗೆ ಗಾಜು ಮುರಿದಿರೋದು ಆಚೆಗೂ ಇರುತ್ತೆ. ಅಷ್ಟುದ್ದ ತೆಗೆದು ಹೊಸ ತುಂಡು ಹಾಕಬೇಕು, ಅಂದರೆ ಎರಡು ಜಾಯಿಂಟ್. ಗಾಜಿನ ದಪ್ಪ 125 ಮೈಕ್ರಾನ್. ಒಂದೊಂದು ಎಳೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ನೇರ ಕತ್ತರಿಸಿ, ಮಷೀನ್‌ನಲ್ಲಿ ಬೆಸೆದು, ಸ್ಲೀವ್ ಬಿಸಿ ಮಾಡೋಕೆ ಮೂರ್ನಾಲ್ಕು ನಿಮಿಷ. 48 ಎಳೆಗೆ ಹತ್ತಿರ ಮೂರು ಗಂಟೆ, ಎರಡು ಜಾಯಿಂಟ್‌ಗೆ ಆರು. ಧೂಳು ಕೂತರೆ ಮತ್ತೆ ಮೊದಲಿಂದ.

ಹರಿಹರ ಮೆಡಿಕಲ್ಸ್:
ಜಾಯಿಂಟ್ ಮಾಡೋರ ಕಷ್ಟ ಒಪ್ಪಿದೆ ಅಣ್ಣ. ಪ್ರಶ್ನೆ ಅದಲ್ಲ. ಒಂದು ಕೇಬಲ್ ಹೋದರೆ ಇಡೀ ಊರು ಯಾಕೆ ಹೋಗಬೇಕು? ರಿಂಗ್, ಅಂದ್ರೆ ಒಂದು ಕಡಿದರೆ ಬಳಸೋ ಎರಡನೇ ದಾರಿ, ಇರಬೇಕಲ್ವಾ?

ಫೈಬರ್ ಜಾಯಿಂಟ್:
ಇರಬೇಕು, ಕಾಗದದ ಮೇಲೆ ಇದ್ದೇ ಇರುತ್ತೆ. ಚಿತ್ರದುರ್ಗ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ ಒಂದು ದಾರಿ, ಚನ್ನಗಿರಿ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು ಅಂತಿದ್ದರೆ ಒಂದು ಕಡಿದರೂ ಸೆಕೆಂಡಿನೊಳಗೆ ಇನ್ನೊಂದಕ್ಕೆ ಹೋಗುತ್ತೆ. ಖರ್ಚು ಉಳಿಸೋಕೆ ಎರಡನ್ನೂ ಒಂದೇ ಕಾಲುವೆ ತೋಡಿ ಅದರಲ್ಲೇ ಹಾಕಿದರೆ ಅದು ರಿಂಗ್ ಅಲ್ಲ. ತಪ್ಪು ಅಲ್ಲಿದೆ, ಜೆಸಿಬಿ ಡ್ರೈವರ್ ಮೇಲಲ್ಲ. ಅಗೆಯೋರು ಮೊದಲೇ ತಿಳಿಸಲಿ ಅಂತ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದಿದೆ. ಒಳಚರಂಡಿ (ಯುಜಿಡಿ), ನೀರಿನ ಪೈಪ್ ಗುತ್ತಿಗೆದಾರರು ಅದನ್ನ ಬಳಸಲೇಬೇಕು ಅಂತ ಪಾಲಿಕೆ ಟೆಂಡರ್‌ನಲ್ಲೇ ಹಾಕಲಿ.

ಜಗಳೂರು ಹುಡುಗ:
ಸಿಟ್ಟು ಯಾಕೆ, ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಪೋರ್ಟ್ ಮಾಡಿ ಬಿಡಿ.

ಗ್ರಾಹಕ ವಕೀಲೆ:
ನೆಟ್‌ವರ್ಕ್ ಇಲ್ಲದಾಗ 1900ಕ್ಕೆ ಎಸ್‌ಎಂಎಸ್ಸೇ ಹೋಗಲ್ಲ ತಮ್ಮ. ಬಂದ ಮೇಲೆ ಇಂಗ್ಲಿಷ್‌ನಲ್ಲಿ PORT ಅಂತ ಬರೆದು, ಜಾಗ ಬಿಟ್ಟು ನಂಬರ್ ಕಳಿಸಬೇಕು. ಬರುವ ಕೋಡ್‌ಗೆ ಆಯುಸ್ಸು ನಾಲ್ಕು ದಿನ. ಸಿಮ್ ಬದಲಿಸಿ ಏಳು ದಿನ ಆಗಿಲ್ಲದಿದ್ದರೆ ಕೋಡೇ ಬರಲ್ಲ.

ಫೈಬರ್ ಜಾಯಿಂಟ್:
ಪೋರ್ಟ್‌ಗಿಂತ ಎರಡನೇ ಸಿಮ್ ವಾಸಿ. ಒಂದೇ ಟವರ್‌ನಲ್ಲಿ ಎರಡು ಮೂರು ಕಂಪನಿ ಇರ್ತವೆ, ಕರೆಂಟ್ ಹೋದರೆ ಎಲ್ಲವೂ ಹೋಗಬಹುದು. ಫೈಬರ್ ಬೇರೆ ಬೇರೆ ಇದ್ದರೆ ನಿನ್ನೆಯಂಥ ದಿನ ಉಳಿಯುತ್ತೆ. ವೈ-ಫೈ ಕಾಲಿಂಗ್ ಕೂಡ ಆನ್ ಮಾಡಿಡಿ. ಟವರ್ ಸತ್ತಾಗ ಕೆಲಸ ಮಾಡುತ್ತೆ, ಕಂಪನಿಯ ಕೋರೇ ಬಿದ್ದರೆ ಮಾಡಲ್ಲ.

ಮಂಡಿಪೇಟೆ ಕಿರಾಣಿ:
ಅಂಗಡಿ ವ್ಯವಹಾರಕ್ಕೆ?

ಫೈಬರ್ ಜಾಯಿಂಟ್:
ಬೇರೆ ಸಿಮ್‌ನ ಹಾಟ್‌ಸ್ಪಾಟ್‌ಗೆ ಸೇರಿಸಿದರೆ ಈಗಾಗಲೇ ನೋಂದಾಯಿಸಿರುವ ಯುಪಿಐ ನಡೆಯುತ್ತೆ, ಹೊಸದಾಗಿ ನೋಂದಣಿ ಮಾತ್ರ ಆಗಲ್ಲ. ಇಂಟರ್ನೆಟ್ ಇಲ್ಲದೆ ದುಡ್ಡು ಕಳಿಸೋ *99# ಸೇವೆ ನಿಮ್ಮ ಸಿಮ್ ಮೇಲೆಯೇ ಹೋಗೋದರಿಂದ ಡೇಟಾ ಮಾತ್ರ ಹೋದಾಗ ಸರಿ, ನೆಟ್‌ವರ್ಕೇ ಹೋದಾಗ ಉಪಯೋಗಕ್ಕಿಲ್ಲ. ಸೌಂಡ್‌ಬಾಕ್ಸ್ ಒಳಗೂ ಒಂದು ಸಿಮ್ ಇರುತ್ತೆ. ಅದು ಮಾತಾಡಲಿಲ್ಲ ಅಂತ ಗಿರಾಕಿ ಹತ್ತಿರ ಎರಡನೇ ಸಲ ಹಾಕಿಸ್ಕೋಬೇಡಿ, ಮೊದಲು ಆ್ಯಪ್‌ನಲ್ಲಿ ಜಮಾ ನೋಡಿ.

ಗ್ರಾಹಕ ವಕೀಲೆ:
ಗಿರಾಕಿ ಖಾತೆಯಿಂದ ಕಡಿತವಾಗಿ ಅಂಗಡಿಗೆ ಬರದಿದ್ದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ತಾನಾಗಿ ವಾಪಸ್ ಹೋಗಬೇಕು. ಆಮೇಲೆ ದಿನಕ್ಕೆ ₹100 ಪರಿಹಾರ, 2019ರ ಆರ್‌ಬಿಐ ಸುತ್ತೋಲೆ.

ಕಂಪನಿ ಮೇಲೆ ದೂರು ಕೊಡೋರು 198ಕ್ಕೆ ಕಾಲ್ ಮಾಡಿ ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಉತ್ತರ ತೃಪ್ತಿ ಆಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸಲ್ಲ. ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ‘ವಾಣಿಜ್ಯ ಉದ್ದೇಶ’ ಅಂತ ಕಂಪನಿ ತಕರಾರು ತೆಗೆಯುತ್ತೆ. ಜೀವನೋಪಾಯಕ್ಕೆ ಸ್ವಂತ ದುಡಿಮೆಯ ಅಂಗಡಿ ಅಂತ ದೂರಿನಲ್ಲೇ ಬರೆಯಿರಿ.

ಹರಿಹರ ಮೆಡಿಕಲ್ಸ್:
ಆ 72 ಗಂಟೆಯ ವರದಿ ಬೇಕು ಅಂದರೆ?

ಗ್ರಾಹಕ ವಕೀಲೆ:
ಟ್ರಾಯ್‌ಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ ₹10. ‘ಯಾಕೆ ಹೀಗಾಯ್ತು’ ಅಂತ ಕೇಳಬೇಡಿ, ದಾಖಲೆ ಕೇಳಿ: ಜಿಲ್ಲೆ, ದಿನಾಂಕ, ಸೇವೆ ನಿಂತ ಮತ್ತು ಬಂದ ಸಮಯ, ಕೊಟ್ಟ ಮೂಲ ಕಾರಣ, ಸರಿಪಡಿಸಲು ಹೇಳಿದ ಕ್ರಮ. ವ್ಯಾಪಾರ ರಹಸ್ಯ ಅಂತ ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.