ಕ್ಲಾಸಲ್ಲಿ ಎಲ್ಲರಿಗೂ ಅರ್ಥವಾಗುತ್ತಿದೆ, ನನಗೊಬ್ಬಳಿಗೇ ಇಲ್ಲ ಅನ್ನಿಸುತ್ತದೆ. ಏನು ಮಾಡಲಿ?

ಪ್ರಶ್ನೆ

ಎಂ.ಎಸ್ಸಿ. ಗಣಿತ, ಮೊದಲ ವರ್ಷ. ಪ್ರವೇಶ ಪರೀಕ್ಷೆ ಬರೆದೇ ಸೀಟು ತಗೊಂಡೆ, ಆದರೂ ಏನೋ ಅದೃಷ್ಟಕ್ಕೆ ಒಳಗೆ ಬಂದುಬಿಟ್ಟಿದ್ದೇನೆ, ಇವತ್ತಲ್ಲ ನಾಳೆ ಯಾರಾದರೂ ಕಂಡುಹಿಡಿಯುತ್ತಾರೆ ಅನ್ನುವ ಅಳುಕು ಹೋಗುತ್ತಲೇ ಇಲ್ಲ. ಮೇಷ್ಟ್ರು ಬೋರ್ಡ್ ಮೇಲೆ ಎರಡು ಹೆಜ್ಜೆ ಹಾರಿಸಿ "ಇದು ನಿಮಗೆ ಗೊತ್ತೇ ಇದೆ" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ನಾನೂ ಆಡಿಸುತ್ತೇನೆ. ಪ್ರಶ್ನೆಯನ್ನು ನೋಟ್‌ಬುಕ್ ಅಂಚಲ್ಲಿ ಬರೆದುಕೊಳ್ಳುತ್ತೇನೆ, ಕೈ ಎತ್ತುವ ಹೊತ್ತಿಗೆ ದಡ್ಡ ಪ್ರಶ್ನೆ ಅನ್ನಿಸಿ ಗೀಟು ಎಳೆದುಬಿಡುತ್ತೇನೆ. ಟೆಸ್ಟಲ್ಲಿ ಒಳ್ಳೆ ಮಾರ್ಕ್ಸ್ ಬಂದರೆ ಪೇಪರ್ ಸುಲಭ ಇತ್ತು, ಕಡಿಮೆ ಬಂದರೆ ನನ್ನ ಯೋಗ್ಯತೆಯೇ ಇಷ್ಟು. ಗೆಳತಿಯರಿಗೆ ಹೇಳಿದರೆ "ಅಯ್ಯೋ ನೀನಾ, ಸುಮ್ನಿರು" ಅಂತಾರೆ. ಧೈರ್ಯ ತುಂಬುವ ಮಾತು ಬೇಡ, ಅದು ಸಂಜೆವರೆಗೂ ಉಳಿಯಲ್ಲ. ಮಾಡುವಂಥದ್ದು ಏನಾದರೂ ಇದ್ದರೆ ಹೇಳಿ.

ಉತ್ತರ 1

ಆ ತಲೆ ಆಡಿಸುವ ವಿಷಯಕ್ಕೇ ಬರುತ್ತೇನೆ. 1987ರಲ್ಲಿ ಮಿಲ್ಲರ್ ಮತ್ತು ಮೆಕ್‌ಫಾರ್ಲಂಡ್ ಅನ್ನುವ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಬೇಕಂತಲೇ ಅರ್ಥವಾಗದ ಹಾಗಿದ್ದ ಒಂದು ಲೇಖನ ಓದಲು ಕೊಟ್ಟರು, ಗೊತ್ತಾಗದಿದ್ದರೆ ಬಂದು ಕೇಳಿ ಅಂತಲೂ ಹೇಳಿದ್ದರು. ಯಾರೂ ಕೇಳಲಿಲ್ಲ. ನಾನು ನಾಚಿಕೆಗೆ ಸುಮ್ಮನಿದ್ದೇನೆ, ಉಳಿದವರು ಅರ್ಥವಾಗಿ ಸುಮ್ಮನಿದ್ದಾರೆ ಅಂತ ಅಂದುಕೊಂಡಿದ್ದರು. ನಿಮ್ಮ ಕ್ಲಾಸಲ್ಲಿ ನಡೆಯುತ್ತಿರುವುದೂ ಇದೇ ಇರಬಹುದು, ಅಲ್ವಾ?

ಮಾಡುವುದು ಏನಂದರೆ, "ಅರ್ಥವಾಗಲಿಲ್ಲ ಸರ್" ಅಂತ ಕೇಳಬೇಡಿ. ಅದು ನಿಮ್ಮ ಬಗ್ಗೆ ಹೇಳಿದ ಹಾಗಿರುತ್ತದೆ. ಸಿಕ್ಕಿಕೊಂಡ ಸಾಲಿನ ಮೇಲೆ ಬೆರಳಿಡಿ: "ಇಲ್ಲಿ ಲಿಮಿಟನ್ನು ಇಂಟಿಗ್ರಲ್ ಒಳಗೆ ತಗೊಂಡಿರಲ್ಲ, ಅದು ಯಾವಾಗಲೂ ಆಗುತ್ತಾ?" ಯಾವಾಗಲೂ ಆಗಲ್ಲ, ಅದಕ್ಕೆ ಶರತ್ತುಗಳಿವೆ, ಮುಂದೆ ನೀವು ಓದುವುದರಲ್ಲಿ ಒಂದು ದೊಡ್ಡ ಭಾಗ ಆ ಶರತ್ತುಗಳ ಬಗ್ಗೆಯೇ. ದಡ್ಡ ಪ್ರಶ್ನೆ ಅಂತ ನೀವು ಗೀಟು ಎಳೆದದ್ದರಲ್ಲಿ ಇಂಥದ್ದು ಎಷ್ಟಿತ್ತೋ.

ಉತ್ತರ 2

ಮಾರ್ಕ್ಸ್ ಬಗ್ಗೆ ಒಂದು ಮಾತು. ಯೋಗ್ಯತೆ ಇಲ್ಲದೆ ಒಳಗೆ ಬಂದುಬಿಟ್ಟಿದ್ದೇನೆ ಅನ್ನುವ ಈ ಅನುಭವಕ್ಕೆ ಇಂಪೋಸ್ಟರ್ ಸಿಂಡ್ರೋಮ್ ಅಂತಾರೆ. ಇದನ್ನು ಮೊದಲು ವಿವರಿಸಿದವರು ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಅನ್ನುವ ಮನಶ್ಶಾಸ್ತ್ರಜ್ಞೆಯರು, 1978ರಲ್ಲಿ. ಅವರು ಮಾತಾಡಿಸಿದ್ದು ಸೋತವರನ್ನಲ್ಲ, ಓದಿನಲ್ಲಿ, ಕೆಲಸದಲ್ಲಿ ಚೆನ್ನಾಗಿ ಸಾಧಿಸಿದ್ದ 150ಕ್ಕೂ ಹೆಚ್ಚು ಹೆಂಗಸರನ್ನು. ಅವರದ್ದೂ ನಿಮ್ಮದೇ ಲೆಕ್ಕ: ಗೆದ್ದರೆ ಅದೃಷ್ಟ, ಇಲ್ಲವೇ ಯಾರೋ ತಪ್ಪಾಗಿ ಅಳೆದದ್ದು. ಅಂದಮೇಲೆ ಇನ್ನೂ ಹತ್ತು ಟೆಸ್ಟಲ್ಲಿ ಒಳ್ಳೆ ಮಾರ್ಕ್ಸ್ ಬಂದರೂ ಈ ಅನುಮಾನ ತಾನಾಗಿ ಹೋಗಲ್ಲ. (ಕ್ಲಾನ್ಸ್ ಮತ್ತು ಐಮ್ಸ್ ಇದನ್ನು ಕಾಯಿಲೆ ಅಂತ ಕರೆದಿರಲಿಲ್ಲ. ಸಿಂಡ್ರೋಮ್ ಅನ್ನುವ ಪದ ಆಮೇಲೆ ಅಂಟಿಕೊಂಡಿದ್ದು.)

ಹಾಗಾಗಿ ತೀರ್ಪನ್ನು ಮೊದಲೇ ಬರೆದಿಡಿ. ಪರೀಕ್ಷೆ ಮುಗಿಸಿ ಬಂದ ದಿನವೇ, ಮಾರ್ಕ್ಸ್ ಬರುವ ಮುಂಚೆ, ಪೇಪರ್ ಸುಲಭ ಇತ್ತಾ ಕಷ್ಟ ಇತ್ತಾ, ಯಾವ ಲೆಕ್ಕ ನೀವೇ ಯೋಚಿಸಿ ಬಿಡಿಸಿದ್ದು, ಯಾವುದು ಬಾಯಿಪಾಠ, ಎಲ್ಲ ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಆಮೇಲೆ "ಅಯ್ಯೋ ಸುಲಭ ಇತ್ತು ಬಿಡಿ" ಅನ್ನಲು ಹೋದರೆ ನಿಮ್ಮ ಕೈಬರಹವೇ ಅಡ್ಡ ಬರುತ್ತದೆ.

ಉತ್ತರ 3

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರಾಗಬೇಡಿ. ಎಲ್ಲವೂ ಬರೀ ಮನಸ್ಸಿನ ಭ್ರಮೆ ಆಗಿರಲೇಬೇಕು ಅಂತಿಲ್ಲ. ಡಿಗ್ರಿಯಲ್ಲಿ ಒಂದೆರಡು ವಿಷಯ ಗಟ್ಟಿಯಾಗಿರದಿದ್ದರೆ ಎಂ.ಎಸ್ಸಿ.ಯಲ್ಲಿ ಅದು ಕಾಡೇ ಕಾಡುತ್ತದೆ. "ನನಗೆ ಗಣಿತ ಬರಲ್ಲ" ಅನ್ನುವುದಕ್ಕೆ ಮದ್ದಿಲ್ಲ, "ನನಗೆ ಕಾಂಪ್ಯಾಕ್ಟ್ ಸೆಟ್ ಬರಲ್ಲ" ಅನ್ನುವುದಕ್ಕೆ ಇದೆ. ಕೂತು ಓದಿದರಾಯಿತು. ಇನ್ನು ಕ್ಲಾಸಲ್ಲಿ ನಿಮ್ಮಂಥವರು ಒಬ್ಬಿಬ್ಬರೇ ಇದ್ದು, ನಿಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅಂದರೆ ತೊಂದರೆ ಆ ಕ್ಲಾಸಿನದ್ದು, ಅದನ್ನೂ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ನಿದ್ದೆ, ಊಟ ಕೆಡುವ ಮಟ್ಟಕ್ಕೆ ಹೋದರೆ ಕೌನ್ಸೆಲರ್ ಹತ್ತಿರ ಹೋಗಿ, ಇಲ್ಲಿ ನಮ್ಮನ್ನು ಕೇಳುತ್ತಾ ಕೂರಬೇಡಿ.

ಪ್ರಶ್ನೆ ಕೇಳಿದವರು

ಉತ್ತರ 3 ಓದಿ ಮೊದಲು ಚುರ್ರ್ ಅಂತು, ಆದರೆ ನಿಜ. ನೀವು ಹೇಳಿದ ಕಾಂಪ್ಯಾಕ್ಟ್ ಸೆಟ್ ಬರುವ ಟೋಪಾಲಜಿ ನನ್ನದು ಅಷ್ಟಕ್ಕಷ್ಟೆ. ಕ್ಲಾಸಲ್ಲೇ ಕೇಳುವುದು ಸದ್ಯಕ್ಕೆ ಆಗಲ್ಲ, ಮುಗಿದ ಮೇಲೆ ಮೇಷ್ಟ್ರ ರೂಮಿಗೆ ಹೋಗಿ ಕೇಳುತ್ತೇನೆ. ಹಳೇ ಪಾಠಗಳನ್ನು ಒಬ್ಬಳೇ ಓದಲೋ, ಗುಂಪಲ್ಲೋ?

ಉತ್ತರ 3

ಮೊದಲು ಒಬ್ಬರೇ ಕೂತು ಲೆಕ್ಕ ಬಿಡಿಸಿ, ನಿಂತುಹೋದ ಜಾಗಕ್ಕೆ ಗುರುತು ಹಾಕಿ. ಅದನ್ನು ಹಿಡಿದುಕೊಂಡು ಗುಂಪಿಗೆ ಹೋಗಿ. ಇಬ್ಬರು ಮೂವರು ಸಾಕು, ಅದರಲ್ಲಿ ಒಬ್ಬರಾದರೂ "ನನಗೆ ಇದು ಬರಲ್ಲ" ಅಂತ ಬಾಯಿಬಿಟ್ಟು ಹೇಳುವವರು ಇರಲಿ.