ಜಿಬ್ರಾಲ್ಟರ್‌ನಲ್ಲಿ ಕೆಲಸ, ಸ್ಪೇನ್‌ನಲ್ಲಿ ಮನೆ: ಬೇಲಿ ತೆಗೆದರೆ ನಮ್ಮವರಿಗೂ ಸಲೀಸಾ?

ಮೈಸೂರಕ್ಕ (ಜುಲೈ 2025):
ನನ್ನ ತಮ್ಮನಿಗೆ ಸ್ಪೇನ್ ತುದಿಯಲ್ಲಿರೋ ಬ್ರಿಟನ್ ಪ್ರದೇಶ ಜಿಬ್ರಾಲ್ಟರ್‌ನ ಆನ್‌ಲೈನ್ ಗೇಮಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಬಾಡಿಗೆ ವಿಪರೀತ, ಗಡಿಯಾಚೆ ಸ್ಪೇನ್‌ನ ಲಾ ಲಿನಿಯಾದಲ್ಲಿ ಮನೆ ಮಾಡು ಅಂತ ಏಜೆಂಟ್ ಹೇಳ್ತಿದ್ದಾನಂತೆ. ಹೋದ ತಿಂಗಳು ಬ್ರಿಟನ್ ಮತ್ತು ಯುರೋಪ್ ಒಕ್ಕೂಟದ ನಡುವೆ ಗಡಿ ಬೇಲಿ ತೆಗೆಯೋ ಒಪ್ಪಂದ ಆಯ್ತಲ್ಲ, ಇನ್ನು ವೀಸಾ ಚಿಂತೆ ಇಲ್ಲ ಅಂತಾನೆ ಇವನು. ಭಾರತದ ಪಾಸ್‌ಪೋರ್ಟ್ ಇದ್ದರೂ ನಡೆಯುತ್ತಾ? ಅಲ್ಲಿನ ಮೂವತ್ತು ಚಿಲ್ಲರೆ ಸಾವಿರ ಜನ ಓಡಾಡೋಕೆ ಇಷ್ಟು ವರ್ಷ ಯಾಕೆ ಎಳೆದಾಡಿದರು?

ಬಂಡೆಯೂರಿನವ:
ಅಕ್ಕಾ, ನಾನಿರೋದು ಜಿಬ್ರಾಲ್ಟರ್‌ನಲ್ಲೇ. ಬಾಡಿಗೆ ಕರಾರಿಗೆ ದಯವಿಟ್ಟು ಸಹಿ ಹಾಕಿಸಬೇಡಿ. ಜೂನ್ 11ರಂದು ಬ್ರಸೆಲ್ಸ್‌ನಲ್ಲಿ ಆಗಿದ್ದು ರಾಜಕೀಯ ಒಪ್ಪಿಗೆ ಅಷ್ಟೇ, ಈ ಜುಲೈ 2025ರ ಹೊತ್ತಿಗೆ ಪೂರ್ತಿ ಒಪ್ಪಂದ ಜಾರಿಗೆ ಬಂದಿಲ್ಲ. ಸದ್ಯಕ್ಕೆ ಭಾರತೀಯರಾದ ನಮಗೆ ಗಡಿ ದಾಟೋಕೆ ಷೆಂಗೆನ್ ವೀಸಾ (ಸ್ಪೇನ್ ಸೇರಿ ಯುರೋಪಿನ ಬಹುತೇಕ ದೇಶಗಳಿಗೆ ನಡೆಯೋ ಒಂದೇ ವೀಸಾ) ಬೇಕೇ ಬೇಕು. ಅದರಲ್ಲೂ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಸ್ಪೇನ್‌ನಲ್ಲಿ ಮನೆ ಮಾಡೋಕೆ ಅಲ್ಲಿನ ವಾಸದ ಪರವಾನಗಿಯೇ ಬೇರೆ. ನನ್ನ ಆಫೀಸಿನ ಜಿಬ್ರಾಲ್ಟರ್‌ನವರು ಕೆಂಪು ಐಡಿ ಕಾರ್ಡ್ ತೋರಿಸಿ ಆಚೆ ಊಟಕ್ಕೆ ಹೋಗ್ತಾರೆ, ವೀಸಾ ಇಲ್ಲದಾಗ ನಾನು ಈಚೆ ಉಳೀತೀನಿ.

ಎಳೆದಾಟ ಜನಕ್ಕಾಗಿ ಅಲ್ಲ, ನೆಲಕ್ಕಾಗಿ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ನಾವು ಕೊಟ್ಟಿದ್ದು ಊರು, ಕೋಟೆ, ಬಂದರು ಮಾತ್ರ, ವಿಮಾನ ನಿಲ್ದಾಣ ಇರೋ ಭೂಸಂಧಿಯನ್ನ (ಬಂಡೆಯನ್ನ ಸ್ಪೇನ್ ನೆಲಕ್ಕೆ ಸೇರಿಸೋ ಕಿರಿದಾದ ಪಟ್ಟಿ) ಕೊಟ್ಟೇ ಇಲ್ಲ ಅನ್ನೋದು ಸ್ಪೇನ್ ವಾದ. ಹೀಗಿರುವಾಗ ಅಲ್ಲಿ ಪಾಸ್‌ಪೋರ್ಟ್ ನೋಡೋರು ಯಾರು ಅನ್ನೋದೇ ಯಾರ ನೆಲ ಅನ್ನೋ ಜಗಳ ಆಗಿಬಿಡ್ತು. ಬ್ರಿಟನ್-ಸ್ಪೇನ್ 2020ರ ಡಿಸೆಂಬರ್ 31ರಂದು ಒಪ್ಪಿದ ಚೌಕಟ್ಟಿನಲ್ಲಿ ಮೊದಲ ನಾಲ್ಕು ವರ್ಷ ಯುರೋಪಿನ ಗಡಿ ಕಾವಲು ಸಂಸ್ಥೆ ಫ್ರಾಂಟೆಕ್ಸ್ ನೆರವಿಗೆ ಇರಲಿ ಅಂದರು. ಈಗ ಒಪ್ಪಿರೋದು ಬೇರೆ: ವಿಮಾನ ನಿಲ್ದಾಣ, ಬಂದರಲ್ಲಿ ಮೊದಲು ಜಿಬ್ರಾಲ್ಟರ್ ಅಧಿಕಾರಿ, ಆಮೇಲೆ ಷೆಂಗೆನ್ ಪರವಾಗಿ ಸ್ಪೇನ್ ಅಧಿಕಾರಿ. ಸಾರ್ವಭೌಮತ್ವದ ನಿಲುವಿಗೆ ಇದರಿಂದ ಧಕ್ಕೆ ಇಲ್ಲ ಅಂತ ಎರಡೂ ಕಡೆ ಹೇಳಿಕೊಂಡಿವೆ.

1969ರಲ್ಲಿ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೊ ಈ ಗಡಿ ಗೇಟ್ ಮುಚ್ಚಿಸಿದ. ನಡೆದು ಹೋಗೋರಿಗೆ ತೆರೆದದ್ದು 1982ರಲ್ಲಿ, ಪೂರ್ತಿಯಾಗಿ 1985ರಲ್ಲಿ. ಒಂದೇ ಮನೆಯವರು ಬೇಲಿಯ ಎರಡು ಬದಿ ನಿಂತು ಕೂಗಿ ಮಾತಾಡಿಕೊಂಡ ಕಾಲ ಅದು. ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕೇ ಅನ್ನೋ ಬ್ರೆಕ್ಸಿಟ್ ಮತದಾನದಲ್ಲಿ ಇಲ್ಲಿನ 96% ಮತ ಯುರೋಪಿನ ಪರ ಬಿದ್ದದ್ದಕ್ಕೆ ಆ ನೆನಪೇ ದೊಡ್ಡ ಕಾರಣ ಅಂತ ನನ್ನ ನಂಬಿಕೆ. ಕೆಲಸಕ್ಕೆ ಅಂತ ದಿನಾ ಸುಮಾರು 15,000 ಜನ ದಾಟ್ತಾರೆ. ಇವರ ಹೊಟ್ಟೆಪಾಡನ್ನ ಐದು ವರ್ಷ ತೂಗುಹಾಕಿದ್ದು ನನಗೆ ಸರಿ ಕಾಣಲಿಲ್ಲ. ಬಾವುಟದ ಜಗಳ ಆಮೇಲೂ ಆಡಬಹುದಿತ್ತು.

ಕರಾವಳಿ_ಹುಡುಗ:
ಬ್ರಿಟನ್‌ನ ಬೇರೆ ದ್ವೀಪಗಳಾದ ಬರ್ಮುಡಾ, ಫಾಕ್‌ಲ್ಯಾಂಡ್ ಜನಕ್ಕೂ ಯುರೋಪಿನಲ್ಲಿ ಹೀಗೆ ಓಡಾಡೋ ಹಕ್ಕಿತ್ತಾ?

ಬಂಡೆಯೂರಿನವ:
ಇತ್ತು. 2002ರ ಕಾನೂನು ಬ್ರಿಟನ್‌ನ ಸಾಗರೋತ್ತರ ಪ್ರದೇಶದವರಲ್ಲಿ ಬಹುತೇಕರಿಗೆ ಬ್ರಿಟಿಷ್ ಪೌರತ್ವ ಕೊಟ್ಟಿತು, ಅದರ ಜೊತೆಗೆ ಯುರೋಪಿನ ಹಕ್ಕೂ ಬಂತು. 2020ರ ಕೊನೆಗೆ ಅದು ಹೋಯ್ತು. ಆದರೆ ಅವರು ದಿನಾ ಬೇಲಿ ದಾಟಿ ಕೆಲಸಕ್ಕೆ ಹೋಗಬೇಕಿಲ್ಲವಲ್ಲ.

ಮೈಸೂರಕ್ಕ:
ತುಂಬಾ ಉಪಕಾರ ಆಯ್ತಪ್ಪ. ಕರಾರು ತಡೆದಿದ್ದೀವಿ. ಕಂಪನಿಯವರೇ ಅಲ್ಲಿ ರೂಮು ಕೊಡ್ತಾರಾ ಕೇಳು ಅಂದೆ.

ಬಂಡೆಯೂರಿನವ:
ಕೇಳಲಿ, ಉತ್ತರ ಈಮೇಲ್‌ನಲ್ಲೇ ತರಿಸಿಕೊಳ್ಳಲಿ. ವರ್ಕ್ ಪರ್ಮಿಟ್ ಕೈಗೆ ಬರೋವರೆಗೆ ಈಗಿರೋ ಕೆಲಸ ಬಿಡೋದು ಬೇಡ.